ಭಾವ ಕೂರಿಸಿದ ಬಣ್ಣದ ಗಾಜು

ನಮ್ಮ ಭಾವನಿಗೆ ಗೊತ್ತಿಲ್ಲದ ಸಂಗತಿ ಈ ಲೋಕದಲ್ಲಿ ಒಂದೇ ಒಂದಿತ್ತು: 'ಗೊತ್ತಿಲ್ಲ' ಎಂದು ಹೇಳುವುದು ಹೇಗೆ ಎಂಬುದು. ಮಿಕ್ಕಿದ್ದೆಲ್ಲ ಗೊತ್ತಿತ್ತು. ದಾರಿ ಕೇಳಿದ ಯಾರನ್ನೂ ಅವರು ಬರಿಗೈಯಲ್ಲಿ ಕಳಿಸಿದವರಲ್ಲ. ಹಾಗೆ ಕೇಳಿಕೊಂಡು ಹೋಗಿ ಊರಾಚೆಯ ಕಲ್ಲುಗಣಿ ನೋಡಿಕೊಂಡು ಬಂದವರೊಬ್ಬರು, "ತಪ್ಪು ನಮ್ಮದೇ ಇರ್ಬೇಕು, ಅವರು ಅಷ್ಟು ಖಚಿತವಾಗಿ ಹೇಳಿದ್ರು" ಎಂದು ನನ್ನ ಹತ್ತಿರ ಪೇಚಾಡಿಕೊಂಡದ್ದುಂಟು. ತಪ್ಪನ್ನು ಇಷ್ಟು ಅಂದವಾಗಿ ಹೇಳಬಲ್ಲ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಅಕ್ಕನ ಗಂಡ ಎಂದು ಹೊಗಳುತ್ತಿಲ್ಲ. ಮೆಚ್ಚದೆ ಇರಲಾರದೆ ಹೊಗಳುತ್ತಿದ್ದೇನೆ.

ಭಾವ ನಡೆಸುತ್ತಿದ್ದುದು ನಮ್ಮಪ್ಪನ ಗಾಜಿನಂಗಡಿ. ಕಿಟಕಿಗೆ ಗಾಜು, ಬೀರುವಿಗೆ ಕನ್ನಡಿ, ಫೋಟೋಗೆ ಫ್ರೇಮು. ನ್ಯಾಯವಾಗಿ ಅದು ಒಬ್ಬನೇ ಮಗನಾದ ನನ್ನ ಪಾಲಿಗೆ ಬರಬೇಕಿತ್ತು. ಆದರೆ ಗಾಜು ಕಂಡರೆ ನನ್ನ ಕೈ ನಡುಗುತ್ತದೆ, ನನ್ನ ಕೈ ಕಂಡರೆ ಗಾಜು ನಡುಗುತ್ತದೆ. "ಎಲ್ಲಾದ್ರೂ ಕಾಗದ ಇರೋ ಕಡೆ ಕೆಲಸ ನೋಡ್ಕೊಳ್ಳಪ್ಪಾ, ಕಾಗದ ಬಿದ್ರೆ ಒಡೆಯಲ್ಲ" ಎಂದು ಅಪ್ಪ ನನ್ನನ್ನು ನೀರು ಸರಬರಾಜು ಕಚೇರಿಗೆ ಗುಮಾಸ್ತನಾಗಿ ಸೇರಿಸಿದರು. ಮಂಡಿನೋವು ಬಂದಮೇಲೆ ಅಂಗಡಿಯ ಬೀಗದ ಕೈಯನ್ನು ಅಳಿಯನಿಗೆ ಕೊಟ್ಟು, ತಾವು ಅಂಗಡಿಯ ಮೂಲೆಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತರು.

ಅಪ್ಪನ ಕೋಪದ ವಿಚಾರವನ್ನು ಇಲ್ಲೇ ಹೇಳಿಬಿಡಬೇಕು, ಕಥೆ ನಿಂತಿರುವುದೇ ಅದರ ಮೇಲೆ. ಅಪ್ಪ ಕೂಗಾಡುವವರಲ್ಲ. ಅವರ ಮುಖ ನಿಧಾನವಾಗಿ, ಅಂಚಿನಿಂದ ನಡುವಿನ ಕಡೆಗೆ ಕಪ್ಪೇರುತ್ತದೆ. ಏರಿದ್ದು ಇಳಿಯುವುದಿಲ್ಲ. ಒಮ್ಮೆ ಭಾವ ಯಾರದೋ ಬೀರುವಿನ ಕನ್ನಡಿಯನ್ನು ಒಂದು ಬೆರಳು ಚಿಕ್ಕದಾಗಿ ಕತ್ತರಿಸಿದರು. ಬೀರುವಿನವರು ಆ ಸಂದಿನಲ್ಲಿ ಬಾಚಣಿಗೆ ಸಿಕ್ಕಿಸಿಕೊಳ್ಳಲು ಅನುಕೂಲವಾಯಿತೆಂದು ಸಂತೋಷಪಟ್ಟು ಮರೆತರು. ಅಪ್ಪ ಮರೆಯಲಿಲ್ಲ. ಅಂದಿನಿಂದ ಅಳಿಯನೊಡನೆ ನೇರ ಮಾತು ನಿಂತುಹೋಯಿತು. ಒಂದೇ ಮೇಜಿಗೆ ಎದುರುಬದುರು ಕೂತು, "ಉಪ್ಪಿನ ಬಟ್ಟಲು ಈ ಕಡೆ ತಳ್ಳೋಕೆ ನಿನ್ನ ಗಂಡನಿಗೆ ಹೇಳು" ಎಂದು ಅಕ್ಕನಿಗೆ ಹೇಳುವರು. ಭಾವ ಬಟ್ಟಲು ತಳ್ಳಿ, "ತಳ್ಳಿದೆ ಅಂತ ನಿಮ್ಮಪ್ಪನಿಗೆ ಹೇಳು" ಎನ್ನುವರು. ಅಕ್ಕ ಪಾಪ, ಊಟ ಬಡಿಸುವುದೋ, ಟಪಾಲು ಸಾಗಿಸುವುದೋ ತಿಳಿಯದೆ ಸೌಟು ಹಿಡಿದು ನಿಂತಿರುತ್ತಿದ್ದಳು. ಅದೇ ಟಪಾಲಿನಲ್ಲಿ ಅಪ್ಪ ಒಂದು ಎಚ್ಚರಿಕೆಯನ್ನೂ ಕಳಿಸಿದ್ದರು: "ಇನ್ನೊಂದು ಕೆಲಸ ಕೆಟ್ರೆ ಬೀಗದ ಕೈ ವಾಪಸ್ ಅಂತ ನಿನ್ನ ಗಂಡನಿಗೆ ಹೇಳಿರು."

ಹೀಗಿರುವಾಗ ನಮ್ಮ ಕಚೇರಿಯ ಸಾಹೇಬರಿಗೆ ಒಂದು ಆಸೆ ಹುಟ್ಟಿತು. ಅವರ ಕೊಠಡಿಗೂ ನಾವು ಗುಮಾಸ್ತರು ಕೂರುವ ಹಾಲಿಗೂ ನಡುವೆ ಇದ್ದದ್ದು ಗಾಜಿನ ಗೋಡೆ. ಹಿಂದಿನ ಸಾಹೇಬರು ನಮ್ಮ ಮೇಲೆ ಕಣ್ಣಿಡಲು ಹಾಕಿಸಿದ್ದು. ಆದರೆ ಗಾಜಿಗೆ ಪಕ್ಷಪಾತವಿಲ್ಲ, ನಾವೂ ಅವರ ಮೇಲೆ ಕಣ್ಣಿಟ್ಟಿದ್ದೆವು. ಈಗಿನ ಸಾಹೇಬರು ನನ್ನನ್ನು ಕರೆದು, "ಸ್ವಿಚ್ ಒತ್ತಿದ್ರೆ ಒಳಗಿರೋದು ಹೊರಗೆ ಕಾಣದ ಹಾಗೆ ಆಗೋ ಗಾಜು ಬಂದಿದೆಯಂತಲ್ಲ? ನನಗೆ ಮಧ್ಯಾಹ್ನ ಊಟ ಆದ್ಮೇಲೆ ಕೆಲವು ಗೋಪ್ಯ ಸಭೆಗಳಿರ್ತವೆ" ಎಂದರು. ಪರದೆ ಹಾಕಿಸಬಹುದಿತ್ತು, ಪರದೆಯ ಧೂಳಿಗೆ ಅವರಿಗೆ ಸೀನು ಬರುತ್ತಿತ್ತು.

ನಾನು ಅವರನ್ನು ನೇರವಾಗಿ ಭಾವನ ಮುಂದೆ ನಿಲ್ಲಿಸಿದೆ. ಸಾಹೇಬರು ವಿಷಯ ಹೇಳಿ, "ಅದರ ಬಗ್ಗೆ ನಿಮಗೆ ಗೊತ್ತಾ?" ಎಂದು ಕೇಳಿಯೇಬಿಟ್ಟರು. ಆ ಪ್ರಶ್ನೆಯನ್ನು ಭಾವನಿಗೆ ಕೇಳಬಾರದು.

"ಗೊತ್ತಾ ಅಂತ ಕೇಳ್ತೀರಲ್ಲ ಸಾರ್! ನಾವು ಅದರಲ್ಲೇ ಹುಟ್ಟಿ ಬೆಳೆದೋರು."

ಅಂಥ ಗಾಜು ಇದೆಯೆಂಬುದನ್ನು ಅವರು ಕೇಳಿ ಇನ್ನೂ ಒಂದು ನಿಮಿಷವಾಗಿರಲಿಲ್ಲ. ಮೂಲೆಯ ಬೆತ್ತದ ಕುರ್ಚಿ ಕಿರ್ರೆಂದಿತು.

ಸಾಹೇಬರು ಹೋದ ಕೂಡಲೆ ಭಾವ ದೊಡ್ಡ ಊರಿನ ಗಾಜಿನ ಕಂಪನಿಗೆ ಫೋನು ಹಚ್ಚಿದರು. ಎತ್ತಿಕೊಂಡದ್ದು ಅಲ್ಲಿಯ ಇಂಜಿನಿಯರ್ ಮೇಡಂ. ಬಲು ತಾಳ್ಮೆಯ ಹೆಂಗಸು.

"ಯಾವ ಥರದ್ದು ಬೇಕು ಸಾರ್? ಬಿಸಿಲಿಗೆ ಬಣ್ಣ ಬದಲಾಯಿಸೋದು ಫೋಟೋಕ್ರೋಮಿಕ್. ಬಿಸಿಗೆ ಬದಲಾಯಿಸೋದು ಥರ್ಮೋಕ್ರೋಮಿಕ್. ಕರೆಂಟಿಗೆ ಬದಲಾಯಿಸೋದು ಎಲೆಕ್ಟ್ರೋಕ್ರೋಮಿಕ್. ಇನ್ನೊಂದು, ಲಿಕ್ವಿಡ್ ಕ್ರಿಸ್ಟಲ್ ಹಾಳೆ ಹಾಕಿದ್ದು, ಅದೂ ಕರೆಂಟಿನದ್ದೇ, ಆದ್ರೆ ಅದನ್ನ ಬಣ್ಣ ಬದಲಾಯಿಸೋದು ಅಂತ ಕರೆಯೋ ಹಾಗಿಲ್ಲ, ಯಾಕೆ ಅಂದ್ರೆ—"

"ಅದೆಲ್ಲ ಗೊತ್ತಮ್ಮಾ" ಎಂದು ಭಾವ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು. "ಫೋಟೋದು ಬೇಡ, ಫ್ರೇಮಿನ ಗಾಜು ನಮ್ಮಲ್ಲೇ ರಾಶಿ ಬಿದ್ದಿದೆ. ಥರ್ಮಾಸು ಸಾಹೇಬರಿಗ್ಯಾಕೆ? ಎಲೆಕ್ಟ್ರೋ ಅಂದ್ರೆ ಕರೆಂಟು, ಅದೇ ಸರಿ. ಹೆಸರೂ ಉದ್ದ ಇದೆ ನೋಡು. ಉದ್ದ ಹೆಸರಿನ ಸಾಮಾನು ಕೈಕೊಡಲ್ಲ."

"ಸಾರ್, ನಿಮಗೆ ಬೇಕಾಗಿರೋದು ಬಿಸಿಲು ತಡೆಯೋಕಾ, ಮರೆಗಾ?" ಎಂದು ಮೇಡಂ ಕೊನೆಯ ಪ್ರಯತ್ನ ಮಾಡಿದರು.

"ಎರಡಕ್ಕೂ ಇರ್ಲಿ ಬಿಡಿ" ಎಂದು ಭಾವ ಉದಾರವಾಗಿ ಹೇಳಿ ಫೋನಿಟ್ಟರು.

ಗಾಜು ಬಂತು. ಎರಡೂ ಬದಿಗೆ ದಪ್ಪ ರಟ್ಟು ಕಟ್ಟಿ, ಜೊತೆಗೆ ಎರಡು ಗುಂಡಿಯ ಒಂದು ಸ್ವಿಚ್ಚನ್ನೂ ಕಳಿಸಿದ್ದರು. "ಒಂದು ಗಾಜಿಗೆ ಎರಡು ಗುಂಡಿ ಯಾಕೆ? ದೀಪಕ್ಕೆ ಒಂದೇ ತಾನೆ ಇರೋದು? ದುಂದು!" ಎಂದು ಭಾವ ಅದನ್ನು ಪಕ್ಕಕ್ಕೆಸೆದು, ಸಾಹೇಬರ ಅಂತಸ್ತಿಗೆ ತಕ್ಕ ಹಿತ್ತಾಳೆಯ ಸ್ವಿಚ್ಚೊಂದನ್ನು ಸೇರಿಸಿದರು. ಪ್ರದರ್ಶನ ನೋಡಲು ಪಕ್ಕದಂಗಡಿಯ ದರ್ಜಿ, ಎದುರಿನ ಬೀಗ ರಿಪೇರಿಯವನು, ಅಕ್ಕ, ನಾನು, ಕುರ್ಚಿಯಲ್ಲಿ ಅಪ್ಪ, ಎಲ್ಲ ಸೇರಿದೆವು. ಭಾವ ಗಾಜನ್ನು ಗೋಡೆಗೆ ಒರಗಿಸಿ ಮುಂದಿನ ರಟ್ಟು ಬಿಚ್ಚಿದರು. ಹಿಂದಿನದನ್ನು ಬಿಚ್ಚಲಿಲ್ಲ, ಗೀರು ಬಿದ್ದೀತೆಂದು. ಹಾಗಾಗಿ ಗಾಜು ಮೊದಲು ಕಂದುಬಣ್ಣದ್ದಾಗಿ ಕಂಡಿತು. ಅದು ಗಾಜಿನದಲ್ಲ, ಹಿಂದಿನ ರಟ್ಟಿನ ಬಣ್ಣ ಎಂಬುದು ನನಗಾಗಲಿ ದರ್ಜಿಗಾಗಲಿ ಹೊಳೆಯಲಿಲ್ಲ.

ಭಾವ ಸ್ವಿಚ್ ಒತ್ತಿದರು. ಏನೂ ಆಗಲಿಲ್ಲ. ದರ್ಜಿ ಆಕಳಿಸಿದ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ನೀಲಿ ಇಣುಕಿ, ಹರಡಿ, ಕೊನೆಗೆ ಇಡೀ ಗಾಜು ಕಡುನೀಲಿಯಾಯಿತು. ನಿಜ ಹೇಳಬೇಕು, ನೋಡಲು ಬಹಳ ಚಂದವಿತ್ತು.

"ಈಗ ಇದರ ಹಿಂದೆ ಏನಿದೆ ಅಂತ ಯಾರಾದ್ರೂ ಹೇಳ್ರಿ ನೋಡೋಣ!" ಎಂದು ಭಾವ ಸವಾಲು ಹಾಕಿದರು.

ಯಾರಿಗೂ ಹೇಳಲಾಗಲಿಲ್ಲ. ಹಿಂದೆ ರಟ್ಟಿತ್ತು, ಅದರ ಹಿಂದೆ ಗೋಡೆಯಿತ್ತು. "ಏನೇನೂ ಕಾಣಲ್ಲ ಸ್ವಾಮಿ!" ಎಂದು ದರ್ಜಿ ಚಪ್ಪಾಳೆ ತಟ್ಟಿದ.

ಆಮೇಲೆ ಸ್ವಿಚ್ ಆರಿಸಿದರೆ ನೀಲಿ ಹೋಗಲಿಲ್ಲ. ಬೀಗ ರಿಪೇರಿಯವನು ಅದನ್ನೇ ಕೇಳಿದ. ಭಾವ ತಡಬಡಾಯಿಸುವವರೇ? "ಬಣ್ಣ ಬಿಡಲ್ಲ ಅಂದ್ರೆ ಒಳ್ಳೇ ಮಾಲು ಅಂತ ಅರ್ಥ. ಬೇಕಾದ್ರೆ ದರ್ಜಿಯನ್ನ ಕೇಳು." ದರ್ಜಿ, ಹೌದೌದು, ಒಂದೇ ಸಲಕ್ಕೆ ಬಣ್ಣ ಬಿಡುವುದು ಕಳಪೆ ಬಟ್ಟೆಯ ಲಕ್ಷಣ ಎಂದ. ಅಪ್ಪ ಗಾಜನ್ನೂ ಅದರ ಬೆನ್ನನ್ನೂ ಬಹಳ ಹೊತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು.

ಗಾಜು ಕಚೇರಿಗೆ ಬರುವ ಹೊತ್ತಿಗೆ ಆ ನೀಲಿ ತಾನಾಗಿ ಮಾಸಿಹೋಗಿತ್ತು. ಬಂದ ದಿನ ಸಾಹೇಬರು ನಮ್ಮೆಲ್ಲರನ್ನೂ ತಮ್ಮ ಕೊಠಡಿಯೊಳಕ್ಕೆ ಕರೆದರು. ಊಟದ ಹೊತ್ತು, ಹಾಲಿನ ದೀಪಗಳನ್ನು ಆರಿಸಿತ್ತು. ಸಾಹೇಬರು ಹಿತ್ತಾಳೆ ಸ್ವಿಚ್ಚನ್ನು ಒತ್ತಿ ಕಾದರು. ನಾವೂ ಕಾದೆವು.

"ಎಲ್ರೀ?"

"ಬರ್ತಾ ಇದೆ ಸಾರ್. ಅಗ್ಗದ ಗಾಜು ದಡಬಡ ಅಂತ ಬರುತ್ತೆ. ಇದು ಮರ್ಯಾದೆಯಿಂದ ಬರೋದು."

ಬಂತು. ಒಳಗೆ ದೀಪ, ಹೊರಗೆ ಕತ್ತಲೆ, ನಡುವೆ ನೀಲಿ. ಗಾಜಿನಲ್ಲಿ ನಮಗೆ ಕಂಡದ್ದು ನಮ್ಮ ಮುಖಗಳೇ. ಹಾಲಿನ ಒಂದು ಕುರ್ಚಿಯೂ ಕಾಣಲಿಲ್ಲ. ಸಾಹೇಬರಿಗೆ ಸಂತೋಷವಾದರೂ ಒಂದು ಅನುಮಾನ ಉಳಿದಿತ್ತು. "ಹೊರಗಿನೋರಿಗೆ ಒಳಗಿಂದು ಕಾಣಲ್ಲ ತಾನೆ?"

"ನಮಗೆ ಅವರು ಕಾಣಲ್ಲ ಅಂದ್ಮೇಲೆ ಅವರಿಗೆ ನಾವು ಹೇಗೆ ಕಾಣ್ತೀವಿ ಸಾರ್? ನ್ಯಾಯ ಅಂದ್ರೆ ಇಬ್ಬರಿಗೂ ಒಂದೇ" ಎಂದರು ಭಾವ.

ನಮ್ಮ ಹಿರಿಯ ಗುಮಾಸ್ತರು ಈ ತರ್ಕಕ್ಕೆ ತಲೆದೂಗಿದರು. ಹೊರಗೆ ಹೋಗಿ ಒಂದು ಸಲ ನೋಡಿ ಬರೋಣವೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಭಾವನ ಮಾತಿನ ಶಕ್ತಿ ಅಂಥದ್ದು.

ಮರುದಿನ ಮಧ್ಯಾಹ್ನ. ಹಾಲಿನಲ್ಲಿ ದೀಪ ಆರಿಸಿ ನಾವೆಲ್ಲ ಬುತ್ತಿ ಮುಗಿಸುತ್ತಿದ್ದೆವು. ಸಾಹೇಬರ ಕೊಠಡಿಯ ಬಾಗಿಲು ಮುಚ್ಚಿತು, ಚಿಲಕ ಬಿತ್ತು, ರಾತ್ರಿಯೆಲ್ಲ ಮಾಸಿ ತೆಳುವಾಗಿದ್ದ ಗಾಜು ಮೆಲ್ಲಗೆ ಮತ್ತೆ ಕಡುನೀಲಿಯಾಯಿತು. ಆ ನೀಲಿಯ ನಡುವೆ, ದೀಪದ ಬೆಳಕಿನಲ್ಲಿ, ಸಾಹೇಬರು ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಂಡರು. ಅವರು ಬೂಟು ಬಿಚ್ಚಿದರು. ನೆಲಕ್ಕೆ ಚಾಪೆ ಹಾಸಿದರು. ಅಂಗಾತ ಮಲಗಿ, ಎರಡೂ ಕಾಲು ಮೇಲೆತ್ತಿ, ಗಾಳಿಯಲ್ಲಿ ಸೈಕಲ್ ತುಳಿಯತೊಡಗಿದರು. ಗೋಪ್ಯ ಸಭೆ ಅವರ ಸೊಂಟನೋವಿನೊಡನೆ ನಡೆಯುತ್ತಿತ್ತು, ಡಾಕ್ಟರ ಸಲಹೆಯ ಮೇರೆಗೆ.

"ಯಾರೂ ನೋಡಬೇಡ್ರಪ್ಪಾ, ತಪ್ಪಾಗುತ್ತೆ" ಎಂದು ಹಿರಿಯ ಗುಮಾಸ್ತರು ಗದರಿಸಿ, ಕನ್ನಡಕ ಒರೆಸಿಕೊಂಡು, ತಮ್ಮ ಕುರ್ಚಿಯನ್ನು ಸರಿಯಾದ ಕೋನಕ್ಕೆ ತಿರುಗಿಸಿಕೊಂಡರು.

ಸಾಹೇಬರಿಗೆ ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವ ಪ್ರಶ್ನೆ. ನಾವು ಮೌನವಾಗಿ ಗೌರವ ತೋರಿಸಿದೆವು. ಆದರೆ ಜನರ ಬಾಯಿಗೆ ಬೀಗ ಹಾಕುವವರಾರು? ಒಂದೇ ವಾರದಲ್ಲಿ ಊರಿನಲ್ಲಿ ನೀರಿನ ಬಿಲ್ಲು ಕಟ್ಟುವ ಹುಮ್ಮಸ್ಸು ಹುಟ್ಟಿಕೊಂಡಿತು, ಅದೂ ಮಧ್ಯಾಹ್ನ ಊಟದ ನಂತರವೇ. ವರ್ಷಗಟ್ಟಲೆ ಕಟ್ಟದವರೆಲ್ಲ ಸಾಲಿನಲ್ಲಿ ನಿಂತರು. ಸಾಲಿನಲ್ಲಿ ವೀಕ್ಷಕ ವಿವರಣೆಯೂ ನಡೆಯುತ್ತಿತ್ತು. "ಈಗ ಏರು ಹತ್ತುತ್ತಿದ್ದಾರೆ ನೋಡಿ, ನಿಧಾನ ಆಯ್ತು." "ಇಲ್ಲ ಇಲ್ಲ, ಇಳಿಜಾರು ಬಂತು!" ಒಬ್ಬ ಅಜ್ಜಿಯಂತೂ ನಿಜವಾಗಿ ಕನಿಕರಪಟ್ಟು, "ಪಾಪ, ಇಷ್ಟು ತುಳಿದ್ರೂ ಅಲ್ಲೇ ಇದ್ದಾರಲ್ಲ" ಎಂದಳು. ಇತ್ತ ಸಾಹೇಬರು ವ್ಯಾಯಾಮ ಮುಗಿಸಿ, ಬೂಟು ಹಾಕಿಕೊಂಡು ಹೊರಗೆ ಬಂದು, ಆ ಸಾಲು ನೋಡಿ, "ಇದಕ್ಕೇ ಅನ್ನೋದು ಆಡಳಿತ ಅಂತ" ಎಂದು ಹಿರಿಯ ಗುಮಾಸ್ತರ ಬೆನ್ನು ತಟ್ಟುತ್ತಿದ್ದರು.

ನಾನು ಓಡಿಹೋಗಿ ಭಾವನಿಗೆ ಹೇಳಿದೆ. "ಸಾಧ್ಯವೇ ಇಲ್ಲ" ಎಂದರು. "ನಿನಗೆ ಕಣ್ಣಿನ ಪರೀಕ್ಷೆ ಮಾಡಿಸ್ಬೇಕು. ಒಳ್ಳೆ ಡಾಕ್ಟರು ನನಗೆ ಗೊತ್ತು." ಕೊನೆಗೆ ನನ್ನ ಕಣ್ಣಿನ ಮೇಲಿನ ಕಾಳಜಿಯಿಂದಲೇ ಬಂದು, ಸಾಲಿನ ಕೊನೆಗೆ ನಿಂತರು. ಸಾಲು ಸರಿಯಿತು. ಭಾವ ನೋಡಿದರು. ನಾನು ಅವರನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಅವರು ಏನೂ ಹೇಳದೆ ನಿಂತದ್ದು ಅದೇ ಮೊದಲು.

ಗ್ರಹಚಾರಕ್ಕೆ ಅದೇ ಹೊತ್ತಿಗೆ ಸಾಹೇಬರ ಹೆಂಡತಿ ಬಂದರು, ಗಂಡ ಮನೆಯಲ್ಲಿ ಮರೆತ, ಮೂಗಿಗೆ ಬಿಡುವ ಹನಿ ಔಷಧಿ ಹಿಡಿದುಕೊಂಡು. ಬಿಸಿಲಿನಿಂದ ಬಂದದ್ದಕ್ಕೆ ಅವರ ಕನ್ನಡಕ ಇನ್ನೂ ಕಪ್ಪಾಗಿತ್ತು.

"ಏನಿದು ಸಾಲು?" ಎಂದು ಕೇಳಿದರು.

"ಸೈಕಲ್ ನೋಡೋಕೆ ಕಣಮ್ಮಾ. ಹಿಂದೆ ಹೋಗಿ, ನಾವು ಮೊದಲು ಬಂದೋರು" ಎಂದಳು ಅಜ್ಜಿ.

ಕನ್ನಡಕ ನಿಧಾನವಾಗಿ ತಿಳಿಯಾಯಿತು. ಆಕೆಗೆ ಎಲ್ಲವೂ ಕಾಣಿಸಿತು. ನೇರವಾಗಿ ಹೋಗಿ ಉಂಗುರದಿಂದ ಗಾಜಿನ ಮೇಲೆ ಟಕಟಕ ಕುಟ್ಟಿದರು. ಸಾಹೇಬರು ಕಾಲು ಮೇಲಿಟ್ಟುಕೊಂಡೇ ತಲೆ ತಿರುಗಿಸಿದರು. ಅಷ್ಟರಲ್ಲಿ ಯಾರೋ ಗಾಬರಿಯಲ್ಲಿ ಹಾಲಿನ ದೀಪ ಹಾಕಿಬಿಟ್ಟಿದ್ದರು. ಗಾಜಿಗೆ ಮೂಗು ಒತ್ತಿದ ಹೆಂಡತಿ, ಆಕೆಯ ಹಿಂದೆ ಊರು. ಪೆಡಲು ನಿಂತಿತು. ಮರುಗಳಿಗೆ ಅವರು ಹಾರಿ ಎದ್ದು ಸ್ವಿಚ್ ಆರಿಸಿದರು. ಗಾಜು ನೀಲಿಯಾಗಿಯೇ ಇತ್ತು. ಒತ್ತಿದರು, ಆರಿಸಿದರು, ಒತ್ತಿದರು. ಕೊನೆಗೆ ತಂತಿಯನ್ನೇ ಕಿತ್ತರು. ಗಾಜಿಗೆ ಅದರ ಪರಿವೆಯೇ ಇಲ್ಲ. ಸಾಹೇಬರು ಕುಡಿಯುವ ನೀರಿನ ಕ್ಯಾನಿನ ಹಿಂದೆ ಅಡಗಲು ನೋಡಿದರು, ಆದರೆ ಕ್ಯಾನು ಅವರ ಅರ್ಧದಷ್ಟೂ ಇರಲಿಲ್ಲ.

"ನೀಲಿ ನಿಮಗೆ ಒಪ್ಪುತ್ತೆ ರೀ" ಎಂದು ಹೆಂಡತಿ ಹೇಳಿದ್ದು ಹಾಲಿನ ಕೊನೆಯವರೆಗೂ ಕೇಳಿಸಿತು.

ಸಾಹೇಬರು ಬಾಗಿಲು ತೆಗೆದು ಹೊರಗೆ ಬಂದರು. ಬರಿಗಾಲು. ಸಾಲಿನಲ್ಲಿ ಅವರ ಕಣ್ಣಿಗೆ ಮೊದಲು ಬಿದ್ದದ್ದು ಭಾವ. ಬೇರೆ ಯಾರಾದರೂ ಆಗಿದ್ದರೆ ಅಜ್ಜಿಯ ಹಿಂದೆ ಬಗ್ಗಿ ಪಾರಾಗುತ್ತಿದ್ದರು. ಭಾವ ಸಾಲು ಬಿಟ್ಟು ಮುಂದೆ ಬಂದು, "ಕೂರಿಸಿದ್ದು ನಾನೇ ಸಾರ್" ಎಂದರು. ಆ ಧೈರ್ಯಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

"ನಾಳೆ ಬೆಳಿಗ್ಗೆ ನಿಮ್ಮ ಯಜಮಾನರನ್ನ ಕರ್ಕೊಂಡು ಬನ್ನಿ. ನಿಮ್ಮ ಅಂಗಡಿ ಬೋರ್ಡ್ ಇಳಿಸ್ತೀನಿ ನಾನು!" ಎಂದು ಸಾಹೇಬರು ಗುಡುಗಿದರು.

ಅಂದು ಸಂಜೆಯೆಲ್ಲ ಭಾವ ಫೋನಿಗೆ ಅಂಟಿಕೊಂಡು ಕೂತರು. ಆ ಕಡೆ ಅದೇ ಇಂಜಿನಿಯರ್ ಮೇಡಂ. ಈ ಕಡೆಯಿಂದ ಕೇಳುತ್ತಿದ್ದದ್ದು "ಹೂಂ", "ಆಮೇಲೆ?", "ಇನ್ನೊಂದ್ಸಲ ಹೇಳಿ", ಇಷ್ಟೇ. ಅಕ್ಕ ಗಾಬರಿಯಾಗಿ, "ಏನೋ ಇದು, ಇವರು ಒಬ್ಬರ ಮಾತು ಕೇಳಿಸ್ಕೊಳ್ತಾ ಇದ್ದಾರೆ! ಹುಷಾರಿದ್ದಾರಾ?" ಎಂದು ಅವರ ಹಣೆ ಮುಟ್ಟಿ ನೋಡಿದಳು.

ಮರುದಿನ ವಿಚಾರಣೆ. ಸಾಹೇಬರು ಮೇಜಿನ ಆಚೆ, ಪಕ್ಕದಲ್ಲಿ ಹೆಂಡತಿ. ಈಚೆ ಅಪ್ಪ, ಭಾವ, ನಡುವೆ ಟಪಾಲಿಗೆಂದು ಅಕ್ಕ. ಗೋಡೆಗೆ ಒರಗಿ ನಾನು ಮತ್ತು ಹಿರಿಯ ಗುಮಾಸ್ತರು. ಗಾಜು ಇನ್ನೂ ತೆಳುನೀಲಿಯಾಗಿಯೇ ಇತ್ತು. ಅಪ್ಪನ ಮುಖ ಅದಕ್ಕಿಂತ ಗಾಢವಾಗಿತ್ತು. ಸಾಹೇಬರು ಬಾಯಿ ತೆರೆಯುವ ಮೊದಲೇ ಅಪ್ಪ ಕೈ ಚಾಚಿದರು.

"ಬೀಗದ ಕೈ ಕೊಡೋಕೆ ನಿನ್ನ ಗಂಡನಿಗೆ ಹೇಳು."

ಅಕ್ಕ ಹೇಳಲಿಲ್ಲ. ಅವಳ ಕಣ್ಣು ತುಂಬಿತ್ತು. ಭಾವ ತಾವೇ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು:

"ಸಾರ್, ಗಾಜಿಂದು ತಪ್ಪಿಲ್ಲ. ಅದರ ಹೆಸರು ಸರಿಯಾಗಿ ತಿಳ್ಕೊಳ್ದೆ ಇದ್ದದ್ದು ತಪ್ಪು. ಬಣ್ಣ ಬದಲಾಯಿಸೋದೆಲ್ಲ ಒಂದೇ ಅಂದ್ಕೊಂಡಿದ್ದೆ. ಒಂದೇ ಅಲ್ಲ, ಬೇರೆ ಬೇರೆ. ಅಮ್ಮಾವರ ಕನ್ನಡಕ ನೋಡಿ. ಬಿಸಿಲಿಗೆ ಕಪ್ಪು, ನೆರಳಿಗೆ ತಿಳಿ. ಅದು ಫೋಟೋಕ್ರೋಮಿಕ್. ಅದಕ್ಕೆ ಕರೆಂಟೂ ಬೇಡ, ಸ್ವಿಚ್ಚೂ ಬೇಡ, ಯಾರ ಮಾತೂ ಬೇಡ."

"ನನ್ನ ಥರ" ಎಂದರು ಸಾಹೇಬರ ಹೆಂಡತಿ. ಸಾಹೇಬರು ಅಲ್ಲಗಳೆಯಲಿಲ್ಲ.

"ತಮ್ಮ ಮೇಜಿನ ಮೇಲಿರೋ ಕಾಫಿ ಲೋಟ ನೋಡಿ. ಬಿಸಿ ಕಾಫಿ ಸುರಿದ್ರೆ ಹೂವು ಕಾಣಿಸುತ್ತೆ, ಆರಿದ್ರೆ ಮಾಯ. ಅದು ಥರ್ಮೋಕ್ರೋಮಿಕ್. ನನ್ನ ಹೆಂಡತಿ ಈ ಜಾತಿ. ಬಿಸಿಯಾದ್ರೆ ಬಣ್ಣ ಕಾಣುತ್ತೆ, ಗಳಿಗೆಗೆ ಆರಿ ಮೊದಲಿನ ಹಾಗೆ."

ಅಳು ಮರೆತು ಅಕ್ಕ ಕೆಂಪಗಾದಳು. "ನೋಡಿ, ನೋಡಿ, ಹೀಗೇ!" ಎಂದು ಭಾವ ಸಾಕ್ಷಿ ತೋರಿಸಿದರು.

"ಮೂರನೇದು ಲಿಕ್ವಿಡ್ ಕ್ರಿಸ್ಟಲ್ ಹಾಳೆ. ಇದು ಬಣ್ಣ ಬದಲಾಯಿಸೋದೇ ಇಲ್ಲ ಸಾರ್, ಬರೀ ಮಂಜಾಗುತ್ತೆ. ಕರೆಂಟ್ ಹರೀತಾ ಇದ್ದಷ್ಟು ಹೊತ್ತು ತಿಳಿ. ನಿಂತ ಗಳಿಗೆ ಹಾಲಿನ ಹಾಗೆ ಬಿಳಿ, ಹಿಂದಿನದು ಏನೇನೂ ಕಾಣಲ್ಲ. ಇದು..." ಎಂದು ಭಾವ ಅನುಮಾನಿಸಿದರು.

"ಹೇಳ್ರೀ."

"ತಾವೇ ಸಾರ್. ಕಾಫಿ ಬರ್ತಾ ಇದ್ದಷ್ಟು ಹೊತ್ತು ತಮ್ಮಷ್ಟು ತಿಳಿಯಾದ ಅಧಿಕಾರಿ ಇಲ್ಲ. ಕಾಫಿ ನಿಂತ್ರೆ ಮಂಜು."

ಹಿರಿಯ ಗುಮಾಸ್ತರಿಗೆ ಕೆಮ್ಮು ಬಂದು ಹೊರಗೆ ಹೋಗಬೇಕಾಯಿತು. ಸಾಹೇಬರು ಸಿಟ್ಟಾಗಬೇಕೋ ಬೇಡವೋ ಎಂದು ಹೆಂಡತಿಯ ಮುಖ ನೋಡಿದರು. ಆಕೆ, "ಸರಿಯಾಗೇ ಹೇಳ್ತಾ ಇದ್ದಾರೆ, ಮುಂದೆ ಕೇಳಿ" ಎಂದರು.

"ತಮಗೆ ಬೇಕಾಗಿದ್ದು ಆ ಮಂಜಿನ ಗಾಜು. ನಾನು ಕೂರಿಸಿದ್ದು ಎಲೆಕ್ಟ್ರೋಕ್ರೋಮಿಕ್. ಅದು ಮರೆ ಮಾಡೋದಲ್ಲ, ಬಿಸಿಲು ತಡೆಯೋದು. ಕರೆಂಟ್ ಕೊಟ್ರೆ ಒಳಗಿನ ಕಣಗಳು ಒಂದು ಪದರದಿಂದ ಇನ್ನೊಂದಕ್ಕೆ ಹೋಗಿ ಕೂತ್ಕೊಳ್ತವೆ, ಬಣ್ಣ ಬರುತ್ತೆ. ನಿಧಾನವಾಗಿ ಬರುತ್ತೆ. ಬಂದದ್ದು, ಕರೆಂಟ್ ಕಿತ್ತು ಹಾಕಿದ್ರೂ ಅಷ್ಟು ಸುಲಭಕ್ಕೆ ಹೋಗಲ್ಲ."

ಭಾವ ಅಲ್ಲಿಗೆ ನಿಲ್ಲಿಸಿದರು. ಇದು ಯಾರ ಜಾತಿ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕೊಠಡಿಯಲ್ಲಿದ್ದವರೆಲ್ಲ ಅಪ್ಪನ ಕಡೆ ತಿರುಗಿ ನೋಡುತ್ತಿದ್ದರು. ಅಪ್ಪ ಗೋಡೆಯ ಗಡಿಯಾರ ನೋಡುತ್ತಿದ್ದರು.

"ಈಗೇನು ಮಾಡ್ತೀರಿ?" ಎಂದರು ಸಾಹೇಬರು, ಸ್ವಲ್ಪ ಮೆತ್ತಗೆ.

"ಈ ಗಾಜನ್ನ ಬಿಚ್ಚಿ ಹಾಲಿನ ಪಡುವಣ ಕಿಟಕಿಗೆ ಹಾಕ್ತೀನಿ ಸಾರ್. ಪಾಪ, ಅಲ್ಲಿ ಕೂರೋರು ಸಂಜೆ ಬಿಸಿಲಿಗೆ ತಲೆ ಮೇಲೆ ಫೈಲ್ ಇಟ್ಕೊಂಡು ಕೆಲಸ ಮಾಡ್ತಾರೆ. ಇಲ್ಲಿಗೆ ಮಂಜಿನ ಗಾಜು. ಖರ್ಚು ನನ್ನದು."

ಆ ಕಿಟಕಿಯ ಪಕ್ಕ ಕೂರುವವನು ನಾನೇ. ನನ್ನ ಕತ್ತಿನ ಹಿಂಭಾಗ ಎಷ್ಟೋ ವರ್ಷಗಳಿಂದ ಸುಟ್ಟು ಕರಕಲಾಗಿತ್ತು, ಮನೆಯಲ್ಲಿ ಯಾರಾದರೂ ಗಮನಿಸಿದ್ದಾರೆಂದು ನಾನು ಅಂದುಕೊಂಡಿರಲಿಲ್ಲ. ಸಾಹೇಬರು ಒಪ್ಪಿದರು. ಅಪ್ಪ ಮೇಜಿನ ಮೇಲಿನ ಬೀಗದ ಕೈ ಎತ್ತಿಕೊಂಡು ಜೇಬಿಗೆ ಹಾಕಿದರು.

ಮಂಜಿನ ಗಾಜು ಬಂತು. ಈ ಸಲ ಭಾವ ಎರಡೂ ಬದಿಯ ರಟ್ಟು ಬಿಚ್ಚಿ, ಅಕ್ಕನನ್ನು ಒಳಗೆ ನಿಲ್ಲಿಸಿ, ತಾವು ಹೊರಗೆ ನಿಂತು, ಆಮೇಲೆ ತಾವು ಒಳಗೆ ನಿಂತು ಅಕ್ಕನನ್ನು ಹೊರಗೆ ನಿಲ್ಲಿಸಿ ಪರೀಕ್ಷೆ ಮಾಡಿದರು. ಆರಿಸಿದರೆ ಟಪ್ಪನೆ ಬಿಳಿ, ಹಾಕಿದರೆ ಟಪ್ಪನೆ ತಿಳಿ. "ಕರೆಂಟ್ ಹೋದ್ರೂ ಮರ್ಯಾದೆ ಹೋಗಲ್ಲ!" ಎಂದು ಸಾಹೇಬರು ಹಿಗ್ಗಿದರು. ಮಧ್ಯಾಹ್ನದ ಸಾಲು ಕರಗಿತು. ಅಜ್ಜಿ ಮಾತ್ರ ಆಗಾಗ ಬಂದು ಬಿಳಿ ಗಾಜು ನೋಡಿ, "ಊರು ತಲುಪಿದ್ರಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದಳು.

ನೀಲಿ ಗಾಜು ನನ್ನ ಕಿಟಕಿಗೆ ಬಂತು. ಭಾವ ಹಿತ್ತಾಳೆಯ ಸ್ವಿಚ್ಚನ್ನು ಬಿಚ್ಚಿ, ಮೂಲೆಗೆಸೆದಿದ್ದ ಎರಡು ಗುಂಡಿಯದನ್ನೇ ಹುಡುಕಿ ಹಾಕಿದರು. ಒಂದು ಗುಂಡಿ ಒತ್ತಿದರೆ ಗಾಜು ನೀಲಿಯಾಗಿ ನನ್ನ ಕತ್ತಿಗೆ ತಂಪಾಯಿತು. "ಆರಿಸಿದ್ರೆ ಸಾಲದು ಕಣಯ್ಯಾ. ಕರೆಂಟನ್ನ ತಿರುವಿ ಕೊಡ್ಬೇಕು, ಹೋದ ದಾರೀಲೇ ವಾಪಸ್ ಕರೀಬೇಕು. ಅದಕ್ಕೇ ಎರಡನೇ ಗುಂಡಿ" ಎಂದು ಅವರು ಇನ್ನೊಂದನ್ನು ಒತ್ತಿದರು. ನೀಲಿ ಮೆಲ್ಲಗೆ ಕರಗಿ, ಗಾಜು ತಿಳಿಯಾಗಿ, ಬೀದಿ ಕಂಡಿತು. ಭಾವ ಆ ಗುಂಡಿಯ ಮೇಲಿನ ಬೆರಳು ತೆಗೆಯದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು ಸರಸರ ಹೊರಟರು. ನಾನೂ ಹಿಂದೆ ಓಡಿದೆ.

ಅಂಗಡಿಯಲ್ಲಿ ಅಪ್ಪ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಕನ್ನಡಿ ಒರೆಸುತ್ತಿದ್ದಳು. ಬಾಗಿಲು ಮುಚ್ಚುವ ಹೊತ್ತು. ಭಾವ ಅಕ್ಕನನ್ನು ದಾಟಿ ನೇರ ಕುರ್ಚಿಯ ಮುಂದೆ ನಿಂತರು.

"ಮಾವ. ಆ ಗಾಜಿನ ಬಗ್ಗೆ ನನಗೆ ಗೊತ್ತಿರಲಿಲ್ಲ. ಗೊತ್ತು ಅಂದೆ. ಆ ಬೀರುವಿನ ಕನ್ನಡೀನೂ ಅಳತೆ ತಗೊಳ್ದೆ ಕಣ್ಣಂದಾಜಲ್ಲೇ ಕತ್ತರಿಸಿದ್ದೆ. ಆವತ್ತು 'ಆಯ್ತಲ್ಲ ಬಿಡಿ' ಅಂದಿದ್ದೆ. ತಪ್ಪಾಯ್ತು ಅಂದಿರಲಿಲ್ಲ. ತಪ್ಪಾಯ್ತು ಮಾವ."

ಅಕ್ಕನ ಕೈಯ ಬಟ್ಟೆ ಕನ್ನಡಿಯ ಮೇಲೆಯೇ ನಿಂತಿತು. ದರ್ಜಿ ಬಾಗಿಲೆಳೆದು ಬೀಗ ಹಾಕಿದ ಸದ್ದು ಕೇಳಿಸಿತು. ಅವನ ಚಪ್ಪಲಿಯ ಸದ್ದು ಬೀದಿಯ ತುದಿಯವರೆಗೂ ಹೋಯಿತು. ನಾನು ನೋಡುತ್ತಲೇ ಇದ್ದೆ: ಅಪ್ಪನ ಹುಬ್ಬಿನ ಗಂಟು ಸಡಿಲವಾಯಿತು, ಆಮೇಲೆ ಕೆನ್ನೆ, ಆಮೇಲೆ ತುಟಿ.

"ಅಳಿಯಂದಿರೇ" ಎಂದರು.

ಆ ಶಬ್ದ ಆ ಅಂಗಡಿಯಲ್ಲಿ ಕೇಳಿ ಯಾವ ಕಾಲವಾಗಿತ್ತೋ.

"ಆ ರಟ್ಟು ನಾನೂ ನೋಡಿದ್ದೆ. ಅದನ್ನ ತೆಗೆದು ತೋರಿಸಿ ಅನ್ಬೇಕು ಅಂತ ಬಾಯಿವರೆಗೂ ಬಂದಿತ್ತು. ಆದ್ರೆ, ಅದೂ ಆ ಗಾಜಿನ ಒಂದು ಭಾಗವೇ ಆಗಿದ್ರೆ? ಇಷ್ಟು ವರ್ಷ ಗಾಜು ಕತ್ತರಿಸಿದೋನಿಗೆ ಇದೇ ಗೊತ್ತಿಲ್ವಲ್ಲ ಅಂತ ದರ್ಜಿ ನಗ್ತಾನಲ್ಲ? ಅದಕ್ಕೇ ಸುಮ್ಮನಾದೆ."

ಅಕ್ಕ ಅಭ್ಯಾಸಬಲದಿಂದ ಗಂಡನ ಕಡೆ ತಿರುಗಿ, "ರೀ, ಅಪ್ಪ ಏನು ಹೇಳ್ತಾರೆ ಅಂದ್ರೆ—" ಎಂದು ಶುರುಮಾಡಿದಳು.

"ಕೇಳಿಸ್ತು ಕಣೇ" ಎಂದರು ಭಾವ.

ಅಕ್ಕ ಕನ್ನಡಿಯ ಹಿಂದೆ ಕೂತು ಅತ್ತಳು. ಕೆಲಸ ಕಳೆದುಕೊಂಡ ಟಪಾಲಿನವಳ ಅಳು ಅದಲ್ಲ. ಅಪ್ಪ ಜೇಬಿನಿಂದ ಬೀಗದ ಕೈ ತೆಗೆದು ಭಾವನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದರು.

ಅಷ್ಟರಲ್ಲಿ ಪೆಟ್ಟಿಗೆ ಹೊತ್ತ ಪರಸ್ಥಳದವನೊಬ್ಬ ಬಾಗಿಲಲ್ಲಿ ಇಣುಕಿ, "ಸ್ವಾಮಿ, ಬಸ್ ನಿಲ್ದಾಣಕ್ಕೆ ದಾರಿ ಯಾವುದು?" ಎಂದು ಕೇಳಿದ. ಭಾವನ ಕೈ ತಾನಾಗಿ ಮೇಲೆದ್ದಿತು. ಕೈ ಅರ್ಧದಲ್ಲಿ ನಿಂತು, ಕೆಳಗಿಳಿಯಿತು.

"ನನಗೆ... ಸರಿಯಾಗಿ ಗೊತ್ತಿಲ್ಲ" ಎಂದರು ಭಾವ. "ಒಂದ್ನಿಮಿಷ ಇರಿ, ಕೇಳಿ ಹೇಳ್ತೀನಿ."

"ಇಷ್ಟಕ್ಕೆಲ್ಲ ಕೇಳೋದೇನಿದೆ!" ಎಂದು ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. ಎಷ್ಟೋ ಕಾಲದ ನಂತರ ಅವರ ಮುಖ ಫಳಫಳ ಹೊಳೆಯುತ್ತಿತ್ತು. "ನೇರ ಹೋಗಿ, ಎರಡನೇ ತಿರುವಿನಲ್ಲಿ ಎಡಕ್ಕೆ. ಕಣ್ಣು ಮುಚ್ಕೊಂಡು ಹೋಗಿ, ತಪ್ಪೋದೇ ಇಲ್ಲ."

ಆತ ಧನ್ಯವಾದ ಹೇಳಿ ಹೊರಟ. ಎಡಕ್ಕಿರುವುದು ಕಲ್ಲುಗಣಿ. ಅಪ್ಪ ತೃಪ್ತಿಯಿಂದ ಕುರ್ಚಿಗೊರಗಿ ಕಣ್ಣು ಮುಚ್ಚುವುದನ್ನೇ ಕಾದಿದ್ದು, ಭಾವ ಚಪ್ಪಲಿ ಮೆಟ್ಟಿಕೊಂಡು, ಸದ್ದಾಗದಂತೆ ಆ ಮನುಷ್ಯನ ಹಿಂದೆ ಓಡಿದರು.